ಒಂದು ಪೆನ್ನಿಯ ಪೈ, ಅರ್ಧ ಪೆನ್ನಿಯ ಹಾವುಮೀನು: ಲಂಡನ್ನಿನ ಕೂಲಿಕಾರರ ಊಟದ ಕಥೆ

ಒಮ್ಮೆ ತರಗತಿಯಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ನಡೆಯುತ್ತಿತ್ತು. ಆವಿಯಂತ್ರ, ನೂಲುವ ಯಂತ್ರ, ಕಲ್ಲಿದ್ದಲು, ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದ ಜನ, ಹದಿನಾಲ್ಕು ಗಂಟೆಯ ದುಡಿಮೆ... ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಮುಗಿಸಿದ್ದೆ. ಮಧ್ಯಾಹ್ನದ ಗಂಟೆ ಹೊಡೆಯಲು ಇನ್ನು ಐದು ನಿಮಿಷ ಇತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಮಾಷ್ಟ್ರೇ, ಅವರು ಮಧ್ಯಾಹ್ನಕ್ಕೆ ಎಂತ ಉಣ್ತಿದ್ರು?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. "ರೊಟ್ಟಿ ಇರಬೇಕು ಮಾರಾಯಾ" ಎಂದು ಹೇಳಿ ತಪ್ಪಿಸಿಕೊಂಡೆ. ಆದರೆ ಮನೆಗೆ ಹೋಗುವಾಗ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಯಂತ್ರ ಕಂಡುಹಿಡಿದವರ ಹೆಸರು, ಇಸವಿ ನನಗೆ ಬಾಯಿಪಾಠ. ಆ ಯಂತ್ರ ತಿರುಗಿಸಿದವರ, ಹಡಗಿನಿಂದ ಮೂಟೆ ಇಳಿಸಿದವರ ಹೊಟ್ಟೆಗೆ ಏನು ಬೀಳುತ್ತಿತ್ತು ಎಂದು ನಾನು ಯೋಚಿಸಿಯೇ ಇರಲಿಲ್ಲ. ಆಮೇಲೆ ಹುಡುಕಿ ಓದಿದೆ. ಓದಿದ್ದನ್ನು ಆ ಹುಡುಗನಿಗೂ ನಿಮಗೂ ಹೇಳೋಣ ಎಂದು ಈ ಬರಹ. ಇಡೀ ಇಂಗ್ಲೆಂಡಿನ ಕಥೆ ದೊಡ್ಡದು. ಹಾಗಾಗಿ ಲಂಡನ್ನಿನ ಪೂರ್ವಭಾಗದ ಮತ್ತು ಥೇಮ್ಸ್ ನದಿಯ ದಕ್ಷಿಣ ದಂಡೆಯ ಕೂಲಿಕಾರರ ಊಟವನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಒಲೆಗೆ ಗತಿಯಿಲ್ಲದ ಮನೆಗಳು

1801ರಲ್ಲಿ ಬ್ರಿಟನ್ನಿನ ಮೊದಲ ಜನಗಣತಿ ನಡೆದಾಗ ಲಂಡನ್ನಿನಲ್ಲಿ ಸುಮಾರು ಹತ್ತು ಲಕ್ಷ ಜನರಿದ್ದರು. ನೂರು ವರ್ಷದ ನಂತರ, 1901ಕ್ಕೆ, ಸುತ್ತಲಿನ ಬಡಾವಣೆಗಳೂ ಸೇರಿ ಅರವತ್ತೈದು ಲಕ್ಷದ ಹತ್ತಿರ ಬಂದಿತ್ತು. ಇಷ್ಟು ಜನಕ್ಕೆ ಮನೆ ಎಲ್ಲಿಂದ ಬರಬೇಕು? ಬಡವರ ಕೇರಿಗಳಲ್ಲಿ ಒಂದು ಕೋಣೆಗೆ ಒಂದು ಸಂಸಾರ. ಚಳಿಗೆಂದು ಗೋಡೆಯಲ್ಲಿ ಒಂದು ಬೆಂಕಿಗೂಡು ಇರುತ್ತಿತ್ತು. ಅದರ ಮೇಲೆ ನೀರು ಕಾಯಿಸಬಹುದು, ಒಂದು ಪಾತ್ರೆಯಲ್ಲಿ ಏನಾದರೂ ಬೇಯಿಸಬಹುದು. ಅದಕ್ಕೂ ಕಲ್ಲಿದ್ದಲನ್ನು ದುಡ್ಡು ಕೊಟ್ಟು ತರಬೇಕು. ನಮ್ಮ ಹಾಗೆ ತೋಟದಿಂದ ಮಡಲು, ಸೋಗೆ, ತೆಂಗಿನ ಚಿಪ್ಪು ತಂದು ಒಲೆ ಹಚ್ಚುವ ಅನುಕೂಲ ಅಲ್ಲಿರಲಿಲ್ಲ. ರೊಟ್ಟಿ, ಪೈ ಸುಡುವಂಥ ಭಟ್ಟಿಯಂತೂ ಅಂಥ ಕೋಣೆಯಲ್ಲಿ ಕನಸಿನ ಮಾತು.

ದುಡಿಮೆಯ ಹೊತ್ತಿಗೂ ಲೆಕ್ಕ ಇರಲಿಲ್ಲ. ಹಡಗುಕಟ್ಟೆಯ ಕೂಲಿಕಾರರು ಬೆಳಗ್ಗೆ ಗೇಟಿನ ಮುಂದೆ ಗುಂಪಾಗಿ ನಿಲ್ಲುತ್ತಿದ್ದರು. ಮೇಸ್ತ್ರಿ ಬಂದು ಬೇಕಾದವರನ್ನು ಆರಿಸುತ್ತಿದ್ದ. ಕೆಲವರಿಗೆ ಇಡೀ ದಿನದ ಕೆಲಸ, ಕೆಲವರಿಗೆ ಎರಡು ಮೂರು ಗಂಟೆ, ಉಳಿದವರಿಗೆ ಬರಿಗೈ. 1889ರಲ್ಲಿ ಈ ಕೂಲಿಕಾರರು ದೊಡ್ಡ ಮುಷ್ಕರ ಹೂಡಿದರು. ಅವರ ಮುಖ್ಯ ಬೇಡಿಕೆ ಏನು ಗೊತ್ತೇ? ಗಂಟೆಗೆ ಐದು ಪೆನ್ನಿಯ ಬದಲು ಆರು ಪೆನ್ನಿ! ಆಗಿನ ಲೆಕ್ಕದಲ್ಲಿ ಹನ್ನೆರಡು ಪೆನ್ನಿಗೆ ಒಂದು ಷಿಲ್ಲಿಂಗ್, ಇಪ್ಪತ್ತು ಷಿಲ್ಲಿಂಗಿಗೆ ಒಂದು ಪೌಂಡು. ಆ ಒಂದು ಪೆನ್ನಿಗಾಗಿ ಸಾವಿರಾರು ಜನ ವಾರಗಟ್ಟಲೆ ಹಸಿದುಕೊಂಡು ನಿಂತರು, ಕೊನೆಗೆ ಗೆದ್ದರು.

ಈ ಒಂದು ಪೆನ್ನಿಯ ಬೆಲೆ ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭ. ಕೈಯಲ್ಲಿ ನಾಲ್ಕಾರು ಪೆನ್ನಿ, ಮೈಯಲ್ಲಿ ಆಯಾಸ, ಮನೆಯಲ್ಲಿ ಸರಿಯಾದ ಒಲೆಯಿಲ್ಲ. ಬಿಸಿಯಾದದ್ದು, ಹೊಟ್ಟೆ ತುಂಬುವಂಥದ್ದು, ಅಗ್ಗದ್ದು ಹೊರಗೇ ಸಿಗಬೇಕು.

ಮೇಹ್ಯೂ ಕಂಡ ಬೀದಿ

ಈ ಬಡವರ ಬೀದಿಗಳನ್ನು ಕಣ್ಣಾರೆ ಕಂಡು ಬರೆದವನು ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ. 1849ರಿಂದ ಅವನು 'ಮಾರ್ನಿಂಗ್ ಕ್ರಾನಿಕಲ್' ಪತ್ರಿಕೆಗೆ ಲಂಡನ್ನಿನ ಬಡವರ ಬಗ್ಗೆ ಸರಣಿ ಬರೆದ. 1851ರಲ್ಲಿ 'ಲಂಡನ್ ಲೇಬರ್ ಆಂಡ್ ದ ಲಂಡನ್ ಪೂವರ್' ಎಂಬ ಹೆಸರಿನಲ್ಲಿ ಅದು ಪುಸ್ತಕವಾಗಿ ಬರತೊಡಗಿತು. ಬೀದಿ ವ್ಯಾಪಾರಿಗಳ ಹತ್ತಿರ ಕೂತು, ಎಷ್ಟಕ್ಕೆ ಕೊಂಡೆ, ಎಷ್ಟಕ್ಕೆ ಮಾರಿದೆ, ಎಷ್ಟು ಉಳಿಯಿತು ಎಂದು ಕೇಳಿ ಕೇಳಿ ಬರೆದ ಪುಸ್ತಕ ಅದು.

ಅದರಲ್ಲಿ ಪೈ ಮಾರುವವನು ಬರುತ್ತಾನೆ. ಪೈ ಎಂದರೆ ಏನು ಎಂದು ಮಕ್ಕಳು ಕೇಳಬಹುದು. ನಮ್ಮ ಪೇಟೆಯ ಬೇಕರಿಯಲ್ಲಿ ಸಿಗುವ ಪಫ್ಸ್ ಇದೆಯಲ್ಲ, ಅದರ ದೂರದ ನೆಂಟ ಎನ್ನಿ. ಗೋಧಿಹಿಟ್ಟಿಗೆ ಕೊಬ್ಬು ಸೇರಿಸಿ ಕಲಸಿ, ಬಟ್ಟಲಿನಂತೆ ಮಾಡಿ, ಒಳಗೆ ಮಾಂಸವನ್ನೋ ಮೀನನ್ನೋ ಹಣ್ಣನ್ನೋ ತುಂಬಿ, ಮೇಲೊಂದು ಮುಚ್ಚಳ ಹಾಕಿ ಭಟ್ಟಿಯಲ್ಲಿ ಸುಡುವುದು. ಮೇಹ್ಯೂ ಕಂಡ ಬೀದಿ ಪೈಗಳಲ್ಲಿ ದನದ ಮಾಂಸದ್ದು, ಕುರಿ ಮಾಂಸದ್ದು, ಹಾವುಮೀನಿನದ್ದು ಮತ್ತು ಹಣ್ಣಿನದ್ದು ಇದ್ದವು. ಬೆಲೆ ಒಂದು ಪೆನ್ನಿ.

ಪೈ ಕೊಳ್ಳುವುದರಲ್ಲೂ ಒಂದು ಜೂಜಿತ್ತು. ಗಿರಾಕಿ ನಾಣ್ಯ ಚಿಮ್ಮುತ್ತಾನೆ, ಪೈಯವನು ತಲೆಯೋ ಬಾಲವೋ ಎಂದು ಹೇಳುತ್ತಾನೆ. ಪೈಯವನು ಗೆದ್ದರೆ ಪೈ ಕೊಡದೆಯೇ ಪೆನ್ನಿ ಅವನ ಜೇಬಿಗೆ. ಸೋತರೆ ಗಿರಾಕಿಗೆ ಪೈ ಪುಕ್ಕಟೆ! ನಮ್ಮ ಆಯನ, ಜಾತ್ರೆಯ ಸಂತೆಗಳಲ್ಲಿ ಬಳೆ ಎಸೆದು ಸಾಮಾನು ಗೆಲ್ಲುವ ಆಟ ನೋಡಿದವರಿಗೆ ಇದರ ಗಮ್ಮತ್ತು ಬೇಗ ಗೊತ್ತಾದೀತು.

ಇನ್ನೊಬ್ಬ ಬಿಸಿ ಹಾವುಮೀನು ಮಾರುವವನು. ಮೀನನ್ನು ಅರ್ಧ ಅಂಗುಲದ ತುಂಡು ಮಾಡಿ ಬೇಯಿಸುವುದು, ಆ ರಸವನ್ನು ಹಿಟ್ಟು ಹಾಕಿ ಗಟ್ಟಿ ಮಾಡುವುದು, ಕತ್ತರಿಸಿದ ಪಾರ್ಸ್ಲಿ ಸೊಪ್ಪು ಮತ್ತು ಮಸಾಲೆ ಹಾಕುವುದು. ಪಾರ್ಸ್ಲಿ ನಮ್ಮ ಕೊತ್ತಂಬರಿ ಸೊಪ್ಪಿನದ್ದೇ ಬಳಗದ ಗಿಡ. ಅರ್ಧ ಪೆನ್ನಿ ಕೊಟ್ಟರೆ ಒಂದು ಕಪ್ಪು, ಅದರಲ್ಲಿ ಐದರಿಂದ ಏಳು ತುಂಡು ಮೀನು, ಮೇಲೆ ಬಿಸಿ ರಸ, ಬೇಕಾದರೆ ವಿನೆಗರ್ ಮತ್ತು ಕಾಳುಮೆಣಸಿನ ಪುಡಿ. ಚಳಿಯಲ್ಲಿ ನಡುಗುವವನಿಗೆ ಅದಕ್ಕಿಂತ ದೊಡ್ಡ ಔತಣ ಬೇರೆ ಯಾವುದಿದ್ದೀತು?

ಓದುಗರು ಒಂದು ವಿಷಯ ಗಮನಿಸಬೇಕು. ಪೈ ಬೇರೆ ಬಂಡಿಯಲ್ಲಿ, ಹಾವುಮೀನಿನ ಹಸಿರು ರಸ ಬೇರೆ ಪಾತ್ರೆಯಲ್ಲಿ. ಇವೆರಡೂ ಒಂದೇ ಸೂರಿನಡಿ ಬಂದಾಗ ಪೈ ಅಂಗಡಿ ಹುಟ್ಟಿತು. ಹಾಗೆ ಅಂಗಡಿಗಳು ಬಂದದ್ದರಿಂದ ತಮ್ಮ ವ್ಯಾಪಾರ ಬಿದ್ದುಹೋಯಿತೆಂದು ಬೀದಿಯ ಪೈಯವರು ಮೇಹ್ಯೂನ ಹತ್ತಿರ ಆಗಲೇ ಗೋಳು ತೋಡಿಕೊಂಡಿದ್ದರು.

ಹಾವುಮೀನು ಎಂಬ ವಿಚಿತ್ರ ಪ್ರಯಾಣಿಕ

ಹಾವುಮೀನೇ ಏಕೆ? ಕಾರಣ ನದಿ. ಯುರೋಪಿನ ಹಾವುಮೀನು ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ನದಿಯಲ್ಲಿ. ಅಮೆರಿಕಕ್ಕೆ ಹತ್ತಿರದ ಸರ್ಗಾಸೊ ಸಮುದ್ರದಲ್ಲಿ ಹುಟ್ಟಿದ ಮರಿ ಎಲೆಯಾಕಾರದಲ್ಲಿದ್ದು, ಸಾವಿರಾರು ಕಿಲೋಮೀಟರ್ ತೇಲಿಕೊಂಡು ಯುರೋಪಿಗೆ ಬರುತ್ತದೆ. ದಡ ಸೇರುವಾಗ ಗಾಜಿನಂತೆ ಪಾರದರ್ಶಕ. ಆಮೇಲೆ ನದಿಗೆ ಹತ್ತಿ ವರ್ಷಾನುಗಟ್ಟಲೆ ಕೆಸರಿನಲ್ಲಿ ಬದುಕಿ, ಮುಪ್ಪಿನಲ್ಲಿ ಮತ್ತೆ ಅದೇ ಸಮುದ್ರಕ್ಕೆ ಹೋಗಿ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆಗಾಲದಲ್ಲಿ ಕಡಲಿನಿಂದ ಹೊಳೆಗೆ, ಹೊಳೆಯಿಂದ ಗದ್ದೆಗೆ ಮೀನು ಹತ್ತುವುದನ್ನು ಕಂಡ ನಮಗೂ ಈ ದೂರ ಆಶ್ಚರ್ಯವೇ.

ಈ ಮೀನು ಎಲ್ಲಿ ಹುಟ್ಟುತ್ತದೆ ಎಂಬುದು ಶತಮಾನಗಳ ಕಾಲ ಒಗಟಾಗಿತ್ತು. ಗ್ರೀಸಿನ ಅರಿಸ್ಟಾಟಲ್ ಅದು ಕೆಸರಿನಿಂದಲೇ ಹುಟ್ಟುತ್ತದೆ ಎಂದು ನಂಬಿದ್ದ. ಮುಂದೆ ಮನಶ್ಶಾಸ್ತ್ರಜ್ಞನಾಗಿ ಹೆಸರಾದ ಸಿಗ್ಮಂಡ್ ಫ್ರಾಯ್ಡ್ 1876ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಗಂಡು ಹಾವುಮೀನಿನ ಜನನಾಂಗ ಹುಡುಕುತ್ತಾ ನೂರಾರು ಮೀನು ಕೊಯ್ದು ನೋಡಿದ್ದ. ಸರ್ಗಾಸೊ ಸಮುದ್ರವೇ ಇದರ ತವರು ಎಂದು 1920ರ ದಶಕದಲ್ಲಿ ತೋರಿಸಿಕೊಟ್ಟವನು ಡೆನ್ಮಾರ್ಕಿನ ಯೊಹಾನೆಸ್ ಷ್ಮಿಟ್. ಬೆಳೆದ ಹಾವುಮೀನುಗಳು ನಿಜಕ್ಕೂ ಅಲ್ಲಿಗೆ ಮರಳುತ್ತವೆ ಎಂಬುದಕ್ಕೆ ಮೈಗೆ ಕಟ್ಟಿದ ಉಪಕರಣದ ನೇರ ಸಾಕ್ಷಿ ಸಿಕ್ಕಿದ್ದು ತೀರಾ ಇತ್ತೀಚೆಗೆ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ.

ಥೇಮ್ಸ್ ನದಿಯಲ್ಲಿ ಈ ಮೀನು ಹೇರಳವಾಗಿತ್ತು. ಬೇರೆ ಮೀನು ಸಾಯುವಂಥ ನೀರಿನಲ್ಲೂ ಇದು ಜೀವ ಹಿಡಿದುಕೊಂಡಿರುತ್ತದೆ. ಸುಲಭವಾಗಿ ಸಾಯದ್ದರಿಂದ ಐಸ್ ಇಲ್ಲದ ಕಾಲದಲ್ಲೂ ಜೀವಂತವಾಗಿಯೇ ಮಾರಬಹುದಿತ್ತು. ಊರು ಬೆಳೆದಂತೆ ಥೇಮ್ಸಿನ ಮೀನು ಸಾಲದಾಯಿತು. ಆಗ ನೆರವಾದವರು ಡಚ್ಚರು. ಅವರ ದೋಣಿಗಳ ಹೊಟ್ಟೆಯಲ್ಲಿ ನೀರು ತುಂಬಿದ ಗುಂಡಿ ಇರುತ್ತಿತ್ತು, ಅದರಲ್ಲಿ ಹಾವುಮೀನು ಜೀವಂತವಾಗಿ ಲಂಡನ್ನಿನ ಬಿಲ್ಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆಯ ಎದುರಿಗೆ ಬಂದು ನಿಲ್ಲುತ್ತಿತ್ತು. 1699ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿ, ಬಿಲ್ಲಿಂಗ್ಸ್‌ಗೇಟಿನಲ್ಲಿ ಯಾರು ಬೇಕಾದರೂ ಯಾವ ಮೀನು ಬೇಕಾದರೂ ಮಾರಬಹುದು ಎಂದಿತು. ಹಾವುಮೀನಿನ ವ್ಯಾಪಾರ ಮಾತ್ರ ಡಚ್ಚರಿಗೆ ಮೀಸಲು. 1666ರ ಮಹಾ ಬೆಂಕಿಯಲ್ಲಿ ಲಂಡನ್ ಸುಟ್ಟುಹೋದಾಗ ಹಸಿದವರಿಗೆ ಮೀನು ತಂದುಕೊಟ್ಟದ್ದರ ಋಣ ಇದು ಎಂದು ಹೇಳುತ್ತಾರೆ.

ಬಿಳಿ ಟೈಲ್ಸಿನ ಅಂಗಡಿ

ದಾಖಲೆಯಲ್ಲಿ ಸಿಗುವ ಮೊದಲ ಪೈ ಅಂಗಡಿ ಹೆನ್ರಿ ಬ್ಲಾಂಚರ್ಡ್ ಎಂಬವನದ್ದು. ಸೌತ್‌ವರ್ಕಿನ ಯೂನಿಯನ್ ಸ್ಟ್ರೀಟಿನಲ್ಲಿತ್ತು, ಇಸವಿ 1844. ಮುಂದಿನ ದಶಕಗಳಲ್ಲಿ ಕೆಲವು ಮನೆತನಗಳೇ ಈ ಕಸುಬನ್ನು ಕೈಗೆತ್ತಿಕೊಂಡವು. ರಾಬರ್ಟ್ ಕುಕ್ 1862ರಲ್ಲಿ ಪೂರ್ವ ಲಂಡನ್ನಿನಲ್ಲಿ ಅಂಗಡಿ ತೆರೆದ. ಅವನ ಮಕ್ಕಳು, ಮೊಮ್ಮಕ್ಕಳು ಅದನ್ನು ಬೆಳೆಸಿದರು.

ಇನ್ನೊಂದು ಮನೆತನದ ಕಥೆ ಸ್ವಾರಸ್ಯವಾಗಿದೆ. ಇಟಲಿಯ ರವೆಲ್ಲೊ ಎಂಬ ಊರಿನಿಂದ 1878ರಲ್ಲಿ ಮಾಂಝೆ ಕುಟುಂಬ ಲಂಡನ್ನಿನ ಬರ್ಮಂಡ್ಸಿಗೆ ಬಂತು. ಮಗ ಮಿಕೆಲೆಗೆ ಆಗ ಮೂರು ವರ್ಷ. ಮೊದಲು ಮಂಜುಗಡ್ಡೆ ಮಾರಿದರು, ಆಮೇಲೆ ಐಸ್‌ಕ್ರೀಂ ಮಾಡಿದರು. ಐಸ್‌ಕ್ರೀಮಿನಿಂದ ಕೂಲಿಕಾರರ ಹೊಟ್ಟೆ ತುಂಬೀತೇ? ಮಿಕೆಲೆ ಕುಕ್ ಮನೆತನದ ಏಡಾಳನ್ನು ಮದುವೆಯಾಗಿ, 1902ರಲ್ಲಿ ಟವರ್ ಬ್ರಿಜ್ ರಸ್ತೆಯ ಪೈ ಅಂಗಡಿಯನ್ನು ವಹಿಸಿಕೊಂಡ. 1930ರ ಹೊತ್ತಿಗೆ ಮಾಂಝೆ ಹೆಸರಿನ ಹದಿನಾಲ್ಕು ಅಂಗಡಿಗಳಿದ್ದವು! ಲಂಡನ್ನಿನ ಪೈ ಅಂಗಡಿ ಎಂದರೆ ಈಗ ಮೊದಲು ನೆನಪಾಗುವುದು ಈ ಇಟಲಿಯವರ ಹೆಸರು.

ಅಂಗಡಿಯ ಒಳಗೆ ಹೋಗೋಣ. ಗೋಡೆಗೆ ಬಿಳಿ, ಹಸಿರು ಟೈಲ್ಸ್. ಅಮೃತಶಿಲೆಯ ಹಾಸಿನ ಉದ್ದ ಮೇಜುಗಳು, ಚರ್ಚಿನ ಬೆಂಚಿನಂಥ ಮರದ ಆಸನಗಳು. ನೆಲದ ಮೇಲೆ ಮರದ ಹೊಟ್ಟು, ಏಕೆಂದರೆ ಹಾವುಮೀನಿನ ಮುಳ್ಳನ್ನು ಅಲ್ಲೇ ಉಗುಳುತ್ತಿದ್ದರಂತೆ. ಆಡಂಬರಕ್ಕಿಂತ ಹೆಚ್ಚಾಗಿ ತೊಳೆಯಲು ಸುಲಭವಾಗಲಿ, ಶುಚಿಯಾಗಿ ಕಾಣಲಿ ಎಂಬ ಲೆಕ್ಕ. ಆಗ ಬೀದಿಯ ಪೈಯೊಳಗೆ ಯಾವ ಮಾಂಸವಿದೆಯೋ ಎಂಬ ಸಂಶಯ ಜನರಿಗೆ ಇದ್ದೇ ಇತ್ತು. ಬಿಳಿ ಗೋಡೆ ಆ ಸಂಶಯಕ್ಕೆ ಕೊಟ್ಟ ಉತ್ತರ. ಜೊತೆಗೆ, ಒಂದೇ ಕೋಣೆಯಲ್ಲಿ ಬದುಕುವವನಿಗೆ ಹೊಳೆಯುವ ಗೋಡೆಯ ನಡುವೆ ಬೆಂಚಿನ ಮೇಲೆ ಕೂತು ತಟ್ಟೆಯಲ್ಲಿ ಉಣ್ಣುವ ಮರ್ಯಾದೆ ಒಂದೆರಡು ಪೆನ್ನಿಗೆ ಸಿಕ್ಕಿತು. ಇದು ಸಣ್ಣ ಮಾತಲ್ಲ ಎಂದು ನನಗನ್ನಿಸುತ್ತದೆ.

ತಟ್ಟೆಯಲ್ಲಿ ಒಂದು ಪೈ. ಇಪ್ಪತ್ತನೇ ಶತಮಾನದಲ್ಲಿ ಒಳಗಿನ ತುಂಬು ಹೆಚ್ಚಾಗಿ ಕೊಚ್ಚಿದ ದನದ ಮಾಂಸವಾಯಿತು. ಪಕ್ಕದಲ್ಲಿ ಬೇಯಿಸಿ ಜಜ್ಜಿದ ಬಟಾಟೆ, ಇದಕ್ಕೆ 'ಮ್ಯಾಶ್' ಎನ್ನುತ್ತಾರೆ. ಅದನ್ನು ತಟ್ಟೆಯ ಅಂಚಿಗೆ ಒರೆಸಿದ ಹಾಗೆ ಬಡಿಸುವುದು ಪದ್ಧತಿ. ಮೇಲಿಂದ ಹಸಿರು ಬಣ್ಣದ 'ಲಿಕರ್'. ಹೆಸರು ಕೇಳಿ ಗಾಬರಿಯಾಗಬೇಡಿ, ಇದರಲ್ಲಿ ಹೆಂಡ ಇಲ್ಲ! ಹಾವುಮೀನು ಬೇಯಿಸಿದ ನೀರಿಗೆ ಹಿಟ್ಟು, ಪಾರ್ಸ್ಲಿ ಸೊಪ್ಪು ಹಾಕಿ ಮಾಡುತ್ತಿದ್ದ ಅದೇ ಹಳೆಯ ಬೀದಿ ರಸ. ಮೇಜಿನ ಮೇಲೆ ಹಸಿಮೆಣಸೋ ಒಣಮೆಣಸೋ ನೆನೆಸಿದ ವಿನೆಗರ್ ಬಾಟಲಿ. ತಿನ್ನಲು ಫೋರ್ಕ್ ಮತ್ತು ಚಮಚ, ಚೂರಿ ಕೇಳಿದವನು ಹೊರಗಿನವನು ಎಂದು ಗೊತ್ತಾಗಿಬಿಡುತ್ತದೆ.

ಬೇಯಿಸಿದ ಹಾವುಮೀನನ್ನು ಬಿಸಿಯಾಗಿಯೂ ತಿನ್ನುತ್ತಿದ್ದರು, ತಣ್ಣಗಾಗಿಯೂ ತಿನ್ನುತ್ತಿದ್ದರು. ಈ ಮೀನಿನಲ್ಲಿ ಅಂಟಿನ ಅಂಶ ಜಾಸ್ತಿ. ಬೇಯಿಸಿದ ರಸ ಆರಿದರೆ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಇದೇ 'ಜೆಲ್ಲೀಡ್ ಈಲ್'. ನಮ್ಮಲ್ಲಿ ನಿನ್ನೆಯ ಮೀನು ಸಾರು ಚಳಿಗೆ ಗಟ್ಟಿಯಾದಂತೆ. ಫ್ರಿಜ್ ಇಲ್ಲದ ಕಾಲದಲ್ಲಿ ಮೀನನ್ನು ಸ್ವಲ್ಪ ಹೆಚ್ಚು ದಿನ ಇಡುವ ಉಪಾಯವೂ ಹೌದು.

ಡಚ್ಚರ ಮೀನು, ಇಟಲಿಯವನ ಅಂಗಡಿ, ದಕ್ಷಿಣ ಅಮೆರಿಕದಿಂದ ಬಂದ ಬಟಾಟೆ, ಅಮೆರಿಕ ಖಂಡದ್ದೇ ಮೆಣಸು. ಅಪ್ಪಟ ಲಂಡನ್ ಊಟ ಎಂದು ಕರೆಯುವುದರಲ್ಲಿ ಎಷ್ಟು ಊರಿನವರ ಕೈ ಇದೆ ನೋಡಿ!

ಸಿಂಪಿ ಬಡವರನ್ನು ಬಿಟ್ಟದ್ದು

ಪೈ ಅಂಗಡಿಯ ಜೊತೆಗೇ ಹೇಳಬೇಕಾದ್ದು ಕಡಲ ಚಿಪ್ಪಿನ ಜೀವಿಗಳ ಗಾಡಿಗಳು. ಕಾಕಲ್ ಎಂಬುದು ನಮ್ಮ ಕಾಸರಗೋಡಿನ ಕಡೆಯ ಮರುವಾಯಿಯ ದಾಯಾದಿ. ಥೇಮ್ಸ್ ಕಡಲು ಸೇರುವಲ್ಲಿನ ಲೀ-ಆನ್-ಸೀ ಎಂಬ ಊರು ಇದಕ್ಕೆ ಹೆಸರುವಾಸಿ. ವೆಲ್ಕ್ ಎಂದರೆ ದೊಡ್ಡ ಕಡಲ ಬಸವನಹುಳು. ವಿಂಕಲ್ ಎಂದರೆ ಚಿಕ್ಕದು, ಅದನ್ನು ಚಿಪ್ಪಿನಿಂದ ತೆಗೆಯಲು ಸೂಜಿಯೋ ಗುಂಡುಪಿನ್ನೋ ಬೇಕು. ಭಾನುವಾರ ಸಂಜೆ ಚಹಾದ ಜೊತೆ ಮನೆಮಂದಿಯೆಲ್ಲ ಪಿನ್ ಹಿಡಿದು ಕೂತು ವಿಂಕಲ್ ತಿನ್ನುವುದು ಕೂಲಿಕಾರರ ಮನೆಗಳಲ್ಲಿ ಒಂದು ಸಂಭ್ರಮ.

ಇವೆಲ್ಲದರ ರಾಜ ಆಯ್ಸ್‌ಟರ್ ಎಂಬ ಸಿಂಪಿ. ಈಗ ಅದು ದುಬಾರಿ ಹೋಟೆಲಿನ ತಿಂಡಿ. ಆದರೆ ಮೇಹ್ಯೂನ ಕಾಲದಲ್ಲಿ ಒಂದು ಪೆನ್ನಿಗೆ ನಾಲ್ಕು! ಬೀದಿ ವ್ಯಾಪಾರಿಗಳು ವರ್ಷಕ್ಕೆ ಸುಮಾರು 12 ಕೋಟಿ 40 ಲಕ್ಷ ಸಿಂಪಿ ಮಾರುತ್ತಾರೆ ಎಂದು ಅವನು ಲೆಕ್ಕ ಹಾಕಿದ್ದ. 1836-37ರಲ್ಲಿ ಬಂದ ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಸ್ಯಾಮ್ ವೆಲ್ಲರ್ ಎಂಬ ಆಳು, ಬಡತನ ಇದ್ದಲ್ಲಿ ಸಿಂಪಿಯೂ ಇರುತ್ತದೆ ಎಂಬರ್ಥದ ಮಾತಾಡುತ್ತಾನೆ. ಕೇರಿ ಬಡವಾದಷ್ಟೂ ಸಿಂಪಿಯ ಗಾಡಿಗಳು ಹೆಚ್ಚು ಎಂಬುದು ಅವನ ಲೆಕ್ಕ.

ಮತ್ತೆ ಅದು ಬಡವರ ಕೈತಪ್ಪಿದ್ದು ಹೇಗೆ? ಮೊದಲನೆಯದು ಅತಿಯಾಸೆ. ಸಿಂಪಿಯ ಹಾಸುಗಳನ್ನು ಬೆಳೆಯಲು ಬಿಡದೆ ಬಾಚಿದರು. ಎರಡನೆಯದು ಕೊಳಚೆ. ಪಟ್ಟಣಗಳ ಮಲಮೂತ್ರವೆಲ್ಲ ನದಿಗೆ, ನದಿಯಿಂದ ಕಡಲಿಗೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನಾರಿದ ನಾತಕ್ಕೆ ಪಾರ್ಲಿಮೆಂಟಿನ ಕೆಲಸವೇ ಅಸ್ತವ್ಯಸ್ತವಾಯಿತು. ಆಮೇಲೆ ಜೋಸೆಫ್ ಬಝಲ್ಗೆಟ್ ಎಂಬ ಎಂಜಿನಿಯರ್ ದೊಡ್ಡ ಚರಂಡಿಗಳನ್ನು ಕಟ್ಟಿಸಿದ. ನಗರದ ನಡುವಿನ ಹೊಲಸು ಪೂರ್ವಕ್ಕೆ, ಕಡಲಿನ ಕಡೆಗೆ ಹೋಯಿತು. ಬೇರೆ ಊರುಗಳಲ್ಲೂ ಹೊಲಸು ಕಡಲಿಗೇ ಹೋಗುತ್ತಿತ್ತು. 1902ರಲ್ಲಿ ವಿಂಚೆಸ್ಟರ್ ಮತ್ತು ಸೌತಾಂಪ್ಟನ್ ಊರುಗಳ ಔತಣಗಳಲ್ಲಿ ಎಮ್ಸ್‌ವರ್ತ್ ಎಂಬಲ್ಲಿನ ಸಿಂಪಿ ತಿಂದವರಿಗೆ ಟೈಫಾಯ್ಡ್ ಬಂತು. ವಿಂಚೆಸ್ಟರಿನ ಚರ್ಚಿನ ಮುಖ್ಯಸ್ಥರೇ ತೀರಿಕೊಂಡರು. ಸಿಂಪಿ ಬೆಳೆಯುವಲ್ಲಿಗೇ ಊರಿನ ಚರಂಡಿ ಸೇರುತ್ತಿತ್ತು. ಎಮ್ಸ್‌ವರ್ತಿನ ಸಿಂಪಿ ವ್ಯಾಪಾರ ನೆಲಕಚ್ಚಿತು. ಸಿಂಪಿ ಅಪರೂಪವಾಯಿತು, ಅಪರೂಪವಾದದ್ದು ದುಬಾರಿಯಾಯಿತು, ದುಬಾರಿಯಾದದ್ದು ಶ್ರೀಮಂತರ ತಟ್ಟೆ ಸೇರಿತು.

ಇನ್ನೊಂದು ಘಟನೆ ಹೇಳದೆ ಮುಂದೆ ಹೋಗುವಂತಿಲ್ಲ. 2004ರ ಫೆಬ್ರವರಿ 5ರ ರಾತ್ರಿ, ಇಂಗ್ಲೆಂಡಿನ ವಾಯವ್ಯ ಕರಾವಳಿಯ ಮೋರ್‌ಕಾಂಬ್ ಕೊಲ್ಲಿಯಲ್ಲಿ ಕಾಕಲ್ ಹೆಕ್ಕುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಚೀನೀ ಕೂಲಿಕಾರರು ಏರಿ ಬಂದ ಭರತದ ನೀರಿಗೆ ಸಿಕ್ಕಿ ಸತ್ತರು. ಕಾಗದಪತ್ರವಿಲ್ಲದೆ ಬಂದವರು, ಆ ಕಡಲಿನ ಉಬ್ಬರವಿಳಿತ ಗೊತ್ತಿಲ್ಲದವರು. ಅದೇ ವರ್ಷ ಇಂಥ ಕೂಲಿ ಗುತ್ತಿಗೆದಾರರಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ಬಂತು. ಗೇಟಿನ ಮುಂದೆ ಕೂಲಿಗೆ ನಿಂತವರ ಕಥೆ 1889ಕ್ಕೆ ಮುಗಿದಿರಲಿಲ್ಲ ಎಂದಾಯಿತು.

ಜನ ಹೋದರು, ಮೀನೂ ಹೋಯಿತು

ಎರಡನೇ ಮಹಾಯುದ್ಧದಲ್ಲಿ, 1940ರ ಸೆಪ್ಟೆಂಬರಿನಿಂದ, ಜರ್ಮನಿಯ ಬಾಂಬುಗಳು ಹೆಚ್ಚಾಗಿ ಬಿದ್ದದ್ದು ಹಡಗುಕಟ್ಟೆಗಳಿದ್ದ ಪೂರ್ವ ಲಂಡನ್ನಿನ ಮೇಲೆ. ಯುದ್ಧದ ನಂತರ ಹಳೆ ಕೇರಿಗಳನ್ನು ಕೆಡವಿ, ಜನರನ್ನು ಎಸೆಕ್ಸ್ ಕಡೆಯ ಹಾರ್ಲೋ, ಬ್ಯಾಸಿಲ್ಡನ್ ಮುಂತಾದ ಹೊಸ ಪಟ್ಟಣಗಳಿಗೆ ಕಳಿಸಿದರು. ಆ ಮನೆಗಳಲ್ಲಿ ಅಡುಗೆಕೋಣೆ ಇತ್ತು, ಓವನ್ ಇತ್ತು, ಬಚ್ಚಲು ಇತ್ತು. ಪೈ ಅಂಗಡಿ ಹುಟ್ಟಲು ಇದ್ದ ಕಾರಣವೇ ಇಲ್ಲವಾಯಿತು! ಅದು ಒಳ್ಳೆಯದೇ ಅಲ್ಲವೇ? ಆಮೇಲೆ ಸರಕು ಸಾಗಣೆ ದೊಡ್ಡ ಕಂಟೇನರುಗಳಿಗೆ ಬದಲಾಯಿತು. ಹಡಗುಕಟ್ಟೆಗಳು 1960ರ ದಶಕದ ಕೊನೆಯಿಂದ ಒಂದೊಂದಾಗಿ ಮುಚ್ಚಿ 1981ಕ್ಕೆ ಕೊನೆಯವೂ ನಿಂತವು. ಗಿರಾಕಿಗಳು ಊರು ಬಿಟ್ಟಾಗಿತ್ತು. ಕೆಲವು ಪೈ ಅಂಗಡಿಗಳೂ ಅವರ ಹಿಂದೆಯೇ ಎಸೆಕ್ಸಿಗೆ ಹೋದವು. ಖಾಲಿಯಾದ ಕೇರಿಗೆ ಬಂದ ಬಾಂಗ್ಲಾದವರು ತಮ್ಮ ಅಡುಗೆ ತಂದರು, ಒಂದು ಕಾಲದಲ್ಲಿ ಮಾಂಝೆ ಬಂದ ಹಾಗೆಯೇ.

ಇತ್ತ ನದಿಯೂ ಕೆಟ್ಟಿತ್ತು. 1957ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ಥೇಮ್ಸಿನ ನಗರದೊಳಗಿನ ಭಾಗ ಜೀವವಿಲ್ಲದ ನದಿ ಎಂದು ಹೇಳಿದರು. ಕೊಳಚೆ ಶುದ್ಧೀಕರಣ ಸುಧಾರಿಸಿದ ಮೇಲೆ ಮೀನುಗಳು ಮರಳಿ ಬಂದವು, ಹಾವುಮೀನೂ ಬಂತು. ಆದರೆ ಆ ಸಂತೋಷ ಉಳಿಯಲಿಲ್ಲ. ಯುರೋಪಿನ ದಡಕ್ಕೆ ಬರುವ ಗಾಜಿನಂಥ ಮರಿಗಳ ಸಂಖ್ಯೆ 1980ರ ಸುಮಾರಿನಿಂದ ಶೇಕಡಾ 90ಕ್ಕೂ ಹೆಚ್ಚು ಕುಸಿಯಿತು. ಥೇಮ್ಸಿನಲ್ಲಿ ಸಂಶೋಧಕರು ಇಟ್ಟ ಬೋನುಗಳಲ್ಲಿ 2005ರಲ್ಲಿ ಸುಮಾರು 1,500 ಹಾವುಮೀನು ಸಿಕ್ಕಿದ್ದರೆ 2009ರಲ್ಲಿ ಸಿಕ್ಕಿದ್ದು 50. ಅಣೆಕಟ್ಟು, ಕಟ್ಟೆಗಳು ದಾರಿ ತಡೆಯುತ್ತವೆ, ಪಂಪುಗಳು ಕೊಲ್ಲುತ್ತವೆ, ಪೂರ್ವ ಏಷ್ಯಾದಿಂದ ಬಂದ ಒಂದು ಪರೋಪಜೀವಿ ಹುಳು ಈಜುಚೀಲವನ್ನು ಕೆಡಿಸುತ್ತದೆ, ಮರಿಗಳ ಕಳ್ಳಸಾಗಣೆಯೂ ಇದೆ. 2008ರಲ್ಲಿ ಈ ಮೀನನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅರ್ಧ ಪೆನ್ನಿಗೆ ಏಳು ತುಂಡು ಸಿಗುತ್ತಿದ್ದ ಮೀನು ಇದು!

ಆಲ್ಡ್‌ಗೇಟಿನಲ್ಲಿ 1919ರಿಂದ ಇದ್ದ 'ಟಬ್ಬಿ ಐಸಾಕ್ಸ್' ಎಂಬ ಪ್ರಸಿದ್ಧ ಜೆಲ್ಲೀಡ್ ಈಲ್ ಗಾಡಿ 2013ರಲ್ಲಿ ನಿಂತುಹೋಯಿತು.

ಗೋಡೆಗೆ ರಕ್ಷಣೆ ಸಿಕ್ಕಿತು

ಅದೇ 2013ರಲ್ಲಿ ಇನ್ನೊಂದು ಸುದ್ದಿ. ವಾಲ್ತಮ್‌ಸ್ಟೋದಲ್ಲಿ 1929ರಲ್ಲಿ ಕಟ್ಟಿದ ಎಲ್. ಮಾಂಝೆ ಅಂಗಡಿಯನ್ನು ಸರಕಾರ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಅರಮನೆ, ಇಗರ್ಜಿಗಳ ಸಾಲಿಗೆ ಕೂಲಿಕಾರರ ಊಟದ ಅಂಗಡಿಯೂ ಸೇರಿದ್ದು ದೊಡ್ಡ ಸಂಗತಿಯೇ. ಆದರೆ ಈ ರಕ್ಷಣೆ ಗೋಡೆಗೆ, ಟೈಲ್ಸಿಗೆ, ಮೇಜಿಗೆ. ಡಾಲ್‌ಸ್ಟನ್ನಿನಲ್ಲಿ ಕುಕ್ ಮನೆತನ 1910ರಲ್ಲಿ ಕಟ್ಟಿಸಿದ ಅಂಗಡಿಯೂ ಸಂರಕ್ಷಿತವೇ. ಅಂಗಡಿ 1990ರ ದಶಕದಲ್ಲಿ ಚೀನೀ ಹೋಟೆಲ್ ಆಯಿತು. ಗೋಡೆಯ ಟೈಲ್ಸ್ ಉಳಿಯಿತು, ತಟ್ಟೆಯ ಪೈ ಹೋಯಿತು.

ಊಟವನ್ನೇ ಉಳಿಸಬೇಕು ಎಂದು 2024ರ ಅಕ್ಟೋಬರಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲೂ ಚರ್ಚೆಯಾಯಿತು. ಪೈ ಮತ್ತು ಮ್ಯಾಶಿಗೆ ಸಾಂಪ್ರದಾಯಿಕ ತಿನಿಸು ಎಂಬ ಕಾನೂನಿನ ಮಾನ್ಯತೆ ಕೊಡಬೇಕು ಎಂದು ಕೇಳಿದವರು ರಿಚರ್ಡ್ ಹೋಲ್ಡನ್ ಎಂಬ ಸಂಸದರು. ಅವರ ಕ್ಷೇತ್ರ ಬ್ಯಾಸಿಲ್ಡನ್ ಮತ್ತು ಬಿಲ್ಲರಿಕೆ. ಕೇರಿ ಕೆಡವಿ ಜನರನ್ನು ಕಳಿಸಿದ ಅದೇ ಎಸೆಕ್ಸಿನಿಂದ ಈ ಬೇಡಿಕೆ ಬಂತು ಎಂಬುದನ್ನು ಗಮನಿಸಿ. ಊರು ಬಿಟ್ಟವರಿಗೇ ಊರಿನ ಊಟದ ನೆನಪು ಜಾಸ್ತಿ.

ಆದರೂ ನನಗೊಂದು ಸಂಶಯ. ಮಾನ್ಯತೆ ಸಿಕ್ಕರೆ ಪೈಯ ಹೆಸರು ಉಳಿದೀತು. ಹಾವುಮೀನು ಕಡಿಮೆಯಾದಂತೆ ಎಷ್ಟೋ ಅಂಗಡಿಗಳಲ್ಲಿ ಲಿಕರನ್ನು ಮೀನಿನ ನೀರಿಲ್ಲದೆ, ಬರಿಯ ಪಾರ್ಸ್ಲಿ ರಸವಾಗಿ ಮಾಡತೊಡಗಿದರು. ಬಣ್ಣ ಅದೇ ಹಸಿರು. ನದಿ ಆ ರಸದಿಂದ ಹೊರಗೆ ಹೋಗಿದೆ. ಬಡವರ ಊಟವನ್ನು ಉಳಿಸಬೇಕೆಂದರೆ ಮೊದಲು ಬಡವರ ಹೊಳೆ, ಕಡಲು ಉಳಿಯಬೇಕು. ಸಿಂಪಿಯ ಕಥೆ ಹೇಳುವುದೂ ಇದನ್ನೇ, ಹಾವುಮೀನಿನ ಕಥೆ ಹೇಳುವುದೂ ಇದನ್ನೇ. ಟೈಲ್ಸ್ ಒಡೆದರೆ ಹೊಸದು ಅಂಟಿಸಬಹುದು. ಸರ್ಗಾಸೊ ಸಮುದ್ರದಿಂದ ಬರುವ ಗಾಜಿನ ಮರಿಯನ್ನು ಯಾವ ಮೇಸ್ತ್ರಿಯೂ ಮಾಡಿಕೊಡಲಾರ.

ಇಷ್ಟೆಲ್ಲ ಓದಿಕೊಂಡು ಮುಂದಿನ ವಾರ ಆ ಹುಡುಗನಿಗೆ ಹೇಳಿದೆ: "ಅವರು ಹಾವುಮೀನು ಉಣ್ತಿದ್ರು ಮಾರಾಯಾ, ಪೈ ಉಣ್ತಿದ್ರು, ಸಿಂಪಿ ಉಣ್ತಿದ್ರು." ಅವನು ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ನಮ್ಮ ಅಜ್ಜ ಸಣ್ಣದಿರುವಾಗ ಎಂತ ಉಣ್ತಿದ್ರು ಮಾಷ್ಟ್ರೇ?" ಅದನ್ನು ಮನೆಯಲ್ಲೇ ಕೇಳಿ ಬರೆದುಕೊಂಡು ಬಾ ಎಂದು ಇಡೀ ತರಗತಿಗೆ ಕೆಲಸ ಕೊಟ್ಟಿದ್ದೇನೆ. ಬೆಲೆ ಎಷ್ಟಿತ್ತು, ಯಾವ ಹೊಳೆಯ ಮೀನು, ಯಾವ ಗದ್ದೆಯ ಅಕ್ಕಿ, ಈಗ ಅದು ಸಿಗುತ್ತದೆಯೋ ಇಲ್ಲವೋ, ಸಿಗದಿದ್ದರೆ ಏಕೆ... ಎಲ್ಲ ಬರೆಯಬೇಕು. ನೀವೂ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಮೇಹ್ಯೂ ಮಾಡಿದ್ದೂ ಅಷ್ಟೇ ತಾನೇ? ಹತ್ತಿರ ಕೂತು ಕೇಳಿದ, ಹೇಳಿದ್ದನ್ನು ಬರೆದುಕೊಂಡ.